ಸ್ಕ್ಯಾನ್‌ನಲ್ಲಿ ಎರಡು ಲಿಂಫ್ ನೋಡ್ ಕಾಣಿಸಿವೆ, ತೆಗೆಸಿಬಿಡೋದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 66 ವರ್ಷ. ನಾಲ್ಕು ವರ್ಷದ ಹಿಂದೆ ಕ್ಯಾನ್ಸರ್ ಅಂತ ಪ್ರಾಸ್ಟೇಟ್ ಗ್ರಂಥಿಯನ್ನೇ ತೆಗೆದಿದ್ದರು. ಈಗ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ಕೊಡುವ ರಕ್ತಪರೀಕ್ಷೆ) 0.9ಕ್ಕೆ ಏರಿದೆ. ಈ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಲ್ಲಿ ಕಿಬ್ಬೊಟ್ಟೆಯೊಳಗೆ ಎರಡು ಲಿಂಫ್ ನೋಡ್ (ದುಗ್ಧರಸದ ಗಂಟು) ಕಾಣಿಸಿವೆ, ಬೇರೆಲ್ಲೂ ಇಲ್ಲ. ಒಬ್ಬರು ರೋಬೋಟ್ ಆಪರೇಷನ್ ಮಾಡಿ ತೆಗೆಯೋಣ ಅಂತಾರೆ, ಇನ್ನೊಬ್ಬರು ರೇಡಿಯೇಷನ್ ಅಂತಾರೆ. ತೆಗೆದರೆ ಪೂರ್ತಿ ವಾಸಿಯಾಗುತ್ತಾ?

ಉತ್ತರ: ಕೆಲವರಿಗೆ ಆಗುತ್ತದೆ, ಹೆಚ್ಚಿನವರಿಗೆ ಆಗುವುದಿಲ್ಲ. ಇದನ್ನು ನೇರವಾಗಿ ಹೇಳಿಬಿಡುವುದೇ ಒಳ್ಳೆಯದು. ಹೀಗೆ ಮರುಕಳಿಸಿದ ಲಿಂಫ್ ನೋಡ್‌ಗಳನ್ನು ತೆಗೆಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ಹತ್ತು ವರ್ಷದ ಹೊತ್ತಿಗೆ ಪಿಎಸ್‌ಎ ಮತ್ತೆ ಏರದೆ ಉಳಿದವರು ನೂರಕ್ಕೆ ಸುಮಾರು 11 ಮಂದಿ. ಸ್ಕ್ಯಾನ್‌ನಲ್ಲಿ ಮತ್ತೆ ಏನೂ ಕಾಣಿಸಿಕೊಳ್ಳದವರು ಸುಮಾರು 31. ಅವರಲ್ಲಿ ಬಹಳಷ್ಟು ಜನಕ್ಕೆ ಹಳೆಯ ಕೋಲೀನ್ ಸ್ಕ್ಯಾನ್ ಆಗಿತ್ತು ಅನ್ನುವುದೂ ನಿಜ, ಈಗಿನ ಸ್ಕ್ಯಾನ್ ಅದಕ್ಕಿಂತ ಚುರುಕು.

ಆದರೆ ಚುರುಕಾದ ಸ್ಕ್ಯಾನ್‌ಗೂ ಮಿತಿ ಇದೆ. ನಾಲ್ಕೈದು ಮಿಲಿಮೀಟರ್‌ಗಿಂತ ಚಿಕ್ಕದಾದ ಕ್ಯಾನ್ಸರ್ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಎರಡು ಕಂಡಿವೆ ಅಂದರೆ ಎರಡೇ ಇವೆ ಅಂತ ಅಲ್ಲ, ಸಾಸಿವೆ ಚೆಲ್ಲಿದಾಗ ದೊಡ್ಡ ಕಾಳಷ್ಟೇ ಕೈಗೆ ಸಿಕ್ಕ ಹಾಗೆ. ಇನ್ನೊಂದು ಮಾತು: ಕ್ಯಾನ್ಸರ್ ಅಲ್ಲದ ಕೆಲವು ನರದ ಗಂಟುಗಳೂ ಈ ಸ್ಕ್ಯಾನ್‌ನಲ್ಲಿ ಹೊಳೆಯುತ್ತವೆ. ಹಾಗಾಗಿ ಫಿಲಂ ಅನ್ನು ಅನುಭವ ಇರುವ ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರ್‌ಗೆ ಇನ್ನೊಮ್ಮೆ ತೋರಿಸಿ.

ಹಾಗಾದರೆ ಆಪರೇಷನ್ ದಂಡವಾ? ಅಲ್ಲ. ಅದು ಬಹಳ ಸಲ ಸಮಯ ಕೊಡುತ್ತದೆ, ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಮುಂದಕ್ಕೆ ಹೋಗುತ್ತದೆ. ಆ ಇಂಜೆಕ್ಷನ್ ಶುರುವಾದರೆ ಮೈ ಬಿಸಿಯೇರುವುದು, ಸುಸ್ತು, ಮೂಳೆ ಸವೆಯುವುದು, ಶುಗರ್ ಏರುವುದು ಎಲ್ಲ ಇದ್ದದ್ದೇ. ಬೆಲ್ಜಿಯಂನ ಸ್ಟಾಂಪ್ ಅಧ್ಯಯನದಲ್ಲಿ ಮೂರರವರೆಗೆ ಗಡ್ಡೆ ಇದ್ದವರಿಗೆ ಆಪರೇಷನ್ ಅಥವಾ ಗುರಿಯಿಟ್ಟ ರೇಡಿಯೇಷನ್ ಕೊಟ್ಟಾಗ ಹಾರ್ಮೋನ್ ಚಿಕಿತ್ಸೆ ಬೇಕಾಗದ ಅವಧಿ 21 ತಿಂಗಳಿಗೆ ಹೋಯಿತು, ಸುಮ್ನೆ ಕಾದು ನೋಡಿದವರಲ್ಲಿ ಅದು 13. ಇದು ಸಣ್ಣ ಅಧ್ಯಯನ, 62 ಜನ ಅಷ್ಟೇ.

ಈಗ ನೀವು ಬರೆಯದೇ ಬಿಟ್ಟ ವಿಷಯ. ಮೊದಲ ಆಪರೇಷನ್ ಆದಮೇಲೆ ತಂದೆಯವರಿಗೆ ಕಿಬ್ಬೊಟ್ಟೆಗೆ ರೇಡಿಯೇಷನ್ ಆಗಿದೆಯಾ? ನನ್ನ ಲೆಕ್ಕದಲ್ಲಿ ಎಲ್ಲ ನಿಂತಿರುವುದು ಇದರ ಮೇಲೆ. ಆಗಿಲ್ಲ ಅಂದರೆ ನಾನು ರೇಡಿಯೇಷನ್ ಕಡೆಗೇ ವಾಲುತ್ತೇನೆ. ಕಂಡ ಗಂಟುಗಳ ಜೊತೆಗೆ ಕಾಣದ ಜಾಗಕ್ಕೂ ಅದು ಸೇರಿಸಿ ಚಿಕಿತ್ಸೆ ಕೊಡುತ್ತದೆ. ಸ್ಟಾರ್ಮ್ ಅಧ್ಯಯನ ನೋಡಿದ್ದೂ ಇದನ್ನೇ. ಎಲ್ಲರಿಗೂ ಆರು ತಿಂಗಳು ಹಾರ್ಮೋನ್ ಚಿಕಿತ್ಸೆ ಕೊಟ್ಟು, ಕಂಡ ಗಂಟುಗಳಿಗೆ ಮಾತ್ರ ಚಿಕಿತ್ಸೆ ಮಾಡಿದವರಲ್ಲಿ ನಾಲ್ಕು ವರ್ಷಕ್ಕೆ ನೂರಕ್ಕೆ 63 ಜನ ಕ್ಯಾನ್ಸರ್ ಬೇರೆಡೆ ಹರಡದೆ ಉಳಿದರು, ಇಡೀ ಕಿಬ್ಬೊಟ್ಟೆಗೆ ರೇಡಿಯೇಷನ್ ಸೇರಿಸಿದಾಗ 76.

ಈಗಾಗಲೇ ಆ ಭಾಗಕ್ಕೆ ರೇಡಿಯೇಷನ್ ಆಗಿ, ಅದೇ ಜಾಗದಲ್ಲಿ ಗಂಟು ಬಂದಿದ್ದರೆ ಆಪರೇಷನ್‌ಗೆ ನಿಜವಾದ ಜಾಗ ಇದೆ. ಪಿಎಸ್‌ಎ ಕಡಿಮೆ, ಗಂಟು ಒಂದೋ ಎರಡೋ, ಅದೂ ಕಿಬ್ಬೊಟ್ಟೆಯೊಳಗೇ ಅಂದರೆ ಫಲ ಜಾಸ್ತಿ. ಹೊಟ್ಟೆಯ ಮೇಲ್ಭಾಗಕ್ಕೆ ಹೋಗಿದ್ದರೆ ಕಮ್ಮಿ. ತಂದೆಯವರ ಸ್ಥಿತಿ ಆ ಮಟ್ಟಿಗೆ ಪರವಾಗಿಲ್ಲ. ಮ್ಯೂನಿಕ್‌ನಲ್ಲಿ ಬೆಳೆದ ಒಂದು ವಿಧಾನವೂ ಇದೆ, ವಿಕಿರಣ ಸೂಸುವ ಔಷಧಿಯನ್ನು ಮೊದಲೇ ಕೊಟ್ಟು ಆಪರೇಷನ್ ಹೊತ್ತಲ್ಲಿ ಆ ವಿಕಿರಣ ಗುರುತಿಸುವ ಪ್ರೋಬ್ ಹಿಡಿದು ಗಂಟು ಹುಡುಕುವುದು. ಎಲ್ಲ ಕಡೆ ಸಿಗುವುದಿಲ್ಲ.

ಒಂದು ಸಲ ಕೈಹಾಕಿದ ಜಾಗಕ್ಕೆ ಮತ್ತೆ ಹೋಗುವುದು ಸುಲಭದ ಕೆಲಸವಲ್ಲ. ಅಂಟಿಕೊಂಡ ಭಾಗಗಳ ನಡುವೆ ಮೂತ್ರನಾಳಕ್ಕೆ, ರಕ್ತನಾಳಕ್ಕೆ ಪೆಟ್ಟಾಗಬಹುದು. ಆಮೇಲೆ ಒಳಗೆ ಲಿಂಫ್ ನೀರು ತುಂಬುವುದು, ಕಾಲು ಊದುವುದು ಕೂಡ ಇದೆ.

ಅವಸರ ಬೇಡ. ಎರಡು ಮೂರು ವಾರದಲ್ಲಿ ಏನೂ ಕೈಮೀರುವುದಿಲ್ಲ. ಹಳೆಯ ಬಯಾಪ್ಸಿ ರಿಪೋರ್ಟ್, ಎಲ್ಲ ಪಿಎಸ್‌ಎ ರಿಪೋರ್ಟ್ ತಾರೀಖಿನ ಸಮೇತ, ಸ್ಕ್ಯಾನ್ ಸಿಡಿ ತಗೊಂಡು ಟ್ಯೂಮರ್ ಬೋರ್ಡ್ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಸರ್ಜನ್, ರೇಡಿಯೇಷನ್ ಡಾಕ್ಟರ್ ಇಬ್ಬರೂ ಒಟ್ಟಿಗೆ ಕೂತು ನೋಡುತ್ತಾರೆ. ತೆಗೆಯೋಣ ಅಂತ ಅವರೇ ಅಂದರೆ, ವರ್ಷಕ್ಕೆ ಇಂಥ ಎಷ್ಟು ಮರು ಆಪರೇಷನ್ ಮಾಡ್ತೀರಿ ಅಂತ ಧೈರ್ಯವಾಗಿ ಕೇಳಿ.