ಎಷ್ಟು ಕಳಿಸಿದರೆ ಸಾಕು, ಮೇಡಂ?

ನಾನು ಆಪ್ತಸಲಹೆಗಾರ್ತಿ. ಸೇವೆಗೆ ಅಂತ ಖುಷಿಯಾಗಿ ಹೋಗಿ, ಮನೆಗೆ ಬಂದ ಮೇಲೆ ಕುಸಿಯುವವರು ನನ್ನ ಹತ್ತಿರ ಆಗಾಗ ಬರುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಹಾಸನದ ಎಷ್ಟೋ ಹುಡುಗರು ಅಕ್ಕಿ, ಕಂಬಳಿ ತುಂಬಿಕೊಂಡು ಹೋಗಿದ್ದರು. ಅವರಲ್ಲಿ ಕೆಲವರು ಆಮೇಲೆ ಬಂದು, "ಏನೋ ತಪ್ಪು ಮಾಡಿದ ಹಾಗೆ ಅನ್ನಿಸ್ತಿದೆ ಮೇಡಂ" ಅಂದಿದ್ದರು. ಏನು ತಪ್ಪು ಅಂತ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಈ ಪ್ರಕರಣದಲ್ಲಿ ಅದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಗೆ ಎರಡೂ ಕಡೆಯಿಂದ ಬೈಸಿಕೊಂಡಿದ್ದೂ ಒಂದು ಕಾರಣ.

ಹುಡುಗಿಗೆ ಇಪ್ಪತ್ತಾರರ ಆಸುಪಾಸು. ಕೆಲಸ, ಮನೆ, ಊರಿನ ಕೆಲವು ವಿವರ ಬದಲಿಸಿದ್ದೇನೆ. ಅವಳೂ ಅವಳ ತಾಯಿಯೂ ಇದನ್ನು ಓದಿ ಒಪ್ಪಿದ್ದಾರೆ. ರಾತ್ರಿ ನಿದ್ದೆ ಇಲ್ಲ, ಹೊಟ್ಟೆಯಲ್ಲಿ ಉರಿ, ಭಾನುವಾರ ಬೆಳಗ್ಗೆ ಚರ್ಚಿಗೆ ಹೊರಡುವ ಹೊತ್ತಿಗೆ ವಾಂತಿ. ಡಾಕ್ಟರು ಎಂಡೋಸ್ಕೋಪಿ ಮಾಡಿಸಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂತ ನನ್ನ ಹತ್ತಿರ ಕಳಿಸಿದ್ದರು. ನಾನು ಕ್ರೈಸ್ತಳಲ್ಲ. ತಾಯಿಗೆ ಬೇಕಾಗಿದ್ದೂ ಅದೇ. "ನಮ್ಮವರ ಹತ್ರ ಹೋದ್ರೆ ಮುಂದಿನ ಭಾನುವಾರದೊಳಗೆ ಸಭೆಗೆಲ್ಲಾ ಗೊತ್ತಾಗುತ್ತೆ" ಅಂದರು. ಸಭೆ ಅಂದರೆ ಅವರ ಚರ್ಚಿನ ಜನ.

ಅವಳ ಸಭೆಯ ಯೌವನಸ್ಥರ ತಂಡ ನೇಪಾಳಕ್ಕೆ ಹೋಗಿ ಬಂದಿತ್ತು. ಗುಡ್ಡಗಾಡಿನ ಚಿಕ್ಕ ಚಿಕ್ಕ ಸಭೆಗಳಲ್ಲಿ ಹತ್ತು ದಿನದ ಸೇವೆ. ಮಕ್ಕಳಿಗೆ ಹಾಡು, ಆಟ, ಬೈಬಲ್ ಕಥೆ. ಒಂದು ಕಡೆ ಗೋಡೆಗೆ ಬಣ್ಣ. ಸಂಜೆ ಪ್ರಾರ್ಥನೆ ಕೂಟ. ಭಾರತದವರಿಗೆ ಅಲ್ಲಿ ವೀಸಾ ಬೇಡ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸೊನೌಲಿಗೆ ಬಸ್ಸು, ಗಡಿ ದಾಟಿದರೆ ಆಯಿತು. ನಮ್ಮ ಕಡೆಯ ಸಣ್ಣ ಸಭೆಗಳ ಕೈಗೂ ಎಟಕುವ ವಿದೇಶ ಅದು. ಆದರೂ ಖರ್ಚು ಖರ್ಚೇ. ಅದನ್ನು ಸಭೆಯವರೇ ಕೂಡಿಸಿಕೊಟ್ಟಿದ್ದರು. ಪಿಂಚಣಿಯಲ್ಲಿ ಉಳಿಸಿ ಕೊಟ್ಟ ಒಬ್ಬ ಅಜ್ಜಿ ಇದ್ದರು, ಕಾಫಿ ಹಣ್ಣು ಬಿಡಿಸಿದ ಕೂಲಿಯಲ್ಲಿ ಕೊಟ್ಟವರೂ ಇದ್ದರು.

ಅವಳು ಹೇಳಿದ್ದು ಒಂದೇ ಸಲಕ್ಕೆ ಬರಲಿಲ್ಲ, ತುಂಡು ತುಂಡಾಗಿ ಬಂತು. ನೇಪಾಳದಲ್ಲಿ ವಾರದ ರಜೆ ಶನಿವಾರ. ಹಾಗಾಗಿ ಆರಾಧನೆಯೂ ಶನಿವಾರವೇ. ಇದು ತಂಡಕ್ಕೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತಂತೆ. ಆದರೂ ಇಲ್ಲಿನ ಅಭ್ಯಾಸದಂತೆ ಭಾನುವಾರ ಒಂದು ವಿಶೇಷ ಕೂಟ ಇಟ್ಟರು. ಅಲ್ಲಿನವರಿಗೆ ಅದು ದುಡಿಯುವ ದಿನ. ದೂರದಿಂದ ಬಂದವರು ಕರೆದರಲ್ಲ ಅಂತ ಕೂಲಿ ಬಿಟ್ಟು ಬಂದು ಕೂತರು. ಅಲ್ಲಿನ ಸಭೆಯ ಪಾಸ್ಟರ್ ಹೆಂಡತಿ ಹತ್ತು ದಿನವೂ ಬೆಳಕು ಹರಿಯುವ ಮೊದಲೇ ಎದ್ದು ಇಷ್ಟೂ ಜನಕ್ಕೆ ಅಡುಗೆ ಮಾಡಿದರು. ಅಕ್ಕಿ, ಕೋಳಿ ಅಂಗಡಿಯಲ್ಲಿ ಸಾಲ ಬರೆಸಿ ತಂದದ್ದು ಅಂತ ಇವಳಿಗೆ ಕೊನೆಯ ದಿನ ತಿಳಿಯಿತು.

ಆಮೇಲೆ ಸಾಕ್ಷಿಯ ವಿಷಯ. ಹೋಗಿ ಬಂದವರು ಸಭೆಯ ಮುಂದೆ ನಿಂತು ಸಾಕ್ಷಿ, ಅಂದರೆ ಅಲ್ಲಿ ದೇವರ ಕೆಲಸ ಹೇಗೆ ನಡೆಯಿತು ಅನ್ನುವ ಅನುಭವ, ಹೇಳಬೇಕು. ಎಷ್ಟು ಜನ ಕರ್ತನನ್ನು ಒಪ್ಪಿಕೊಂಡರು ಅಂತ ಲೆಕ್ಕ ಹೇಳು ಅಂತ ತಂಡದ ಲೀಡರ್ ಹೇಳಿಕೊಟ್ಟಿದ್ದ. ಇವಳು ಹೇಳಿದಳು. ನಿಜ ಏನು ಅಂದರೆ, ಕೂಟದಲ್ಲಿ "ಯೇಸುವನ್ನು ನಂಬುವವರು ಕೈ ಎತ್ತಿ" ಅಂದಾಗ ಅಲ್ಲಿದ್ದವರೆಲ್ಲಾ ಎತ್ತಿದ್ದರು. ಅವರೆಲ್ಲ ಮೊದಲಿನಿಂದಲೂ ಆ ಸಭೆಯವರೇ. ಪಾಸ್ಟರ್ ಹೆಂಡತಿಯೂ ಎತ್ತಿದ್ದರು, ಅವರೂ ಲೆಕ್ಕಕ್ಕೆ ಸೇರಿದ್ದರು! ಇದನ್ನು ಹೇಳುವಾಗ ಹುಡುಗಿ ಒಂದು ಕ್ಷಣ ನಕ್ಕಳು, ಆಮೇಲೆ ಅತ್ತಳು. ಸಾಕ್ಷಿ ಕೇಳಿ ಸಭೆ ಚಪ್ಪಾಳೆ ತಟ್ಟಿತ್ತು. ಪಿಂಚಣಿಯ ಅಜ್ಜಿ ಅವತ್ತೇ ಬಂದು, ಮುಂದಿನ ಸಲಕ್ಕೂ ಇರಲಿ ಅಂತ ಕೈಗೆ ಇನ್ನಷ್ಟು ದುಡ್ಡು ತುರುಕಿದ್ದರು. ನಿದ್ದೆ ಹೋದದ್ದು ಆ ರಾತ್ರಿಯಿಂದ.

ಅಷ್ಟರಲ್ಲಿ ನೇಪಾಳದ ಪಾಸ್ಟರಿಂದ ಒಂದು ಮೆಸೇಜ್ ಬಂತು. ಪ್ರಾರ್ಥನೆಯ ಫೋಟೊಗಳನ್ನು ಊರಿನ ಹೆಸರಿನ ಜೊತೆ ಫೇಸ್‌ಬುಕ್‌ಗೆ ಹಾಕಿದ್ದೀರಿ, ದಯವಿಟ್ಟು ತೆಗೆಯಿರಿ ಅಂತ. ಲೀಡರ್, "ಅಯ್ಯೋ, ಅಷ್ಟೊಂದು ಹೆದರಬಾರದು, ದೇವರಿದ್ದಾನೆ" ಅಂದು ಸುಮ್ಮನಾಗಿದ್ದ. ಹೆದರುವುದಕ್ಕೆ ಕಾರಣ ಇತ್ತು. ನೇಪಾಳದ 2015ರ ಸಂವಿಧಾನದ 26ನೇ ವಿಧಿ ತನ್ನ ಧರ್ಮ ಪಾಲಿಸುವ ಹಕ್ಕು ಕೊಡುತ್ತದೆ, ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಅಪರಾಧ ಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ದೇಶ ಬಿಡಬೇಕು. ಆದರೆ ಹತ್ತು ದಿನದವರು ಕೇಸು ಬೀಳುವ ಹೊತ್ತಿಗೆ ಮನೆ ಸೇರಿರುತ್ತಾರೆ. ಪೊಲೀಸರು ಬಂದು ಬಾಗಿಲು ತಟ್ಟುವುದು ಊರಲ್ಲೇ ಇರುವವನ ಮನೆಯನ್ನು. "ಇಷ್ಟು ಜನ ಒಪ್ಪಿಕೊಂಡರು" ಅನ್ನುವ ಸುಳ್ಳು ಲೆಕ್ಕ, ಅದರ ಜೊತೆಗೆ ಫೋಟೊ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿ.

ಇಷ್ಟೆಲ್ಲ ಹೇಳಿ ಹುಡುಗಿ ನನ್ನನ್ನು ಕೇಳಿದ್ದು ಬೇರೆಯೇ ಪ್ರಶ್ನೆ.

"ನನ್ನ ಹತ್ರ ಒಂದು ಎಫ್‌ಡಿ ಇದೆ. ಅಮ್ಮ ಮಾಡಿಸಿದ ಸರ ಇದೆ. ಅವರಿಗೆ ಎಷ್ಟು ಕಳಿಸಿದರೆ ಸಾಕು, ಮೇಡಂ?"

ಬದುಕು ಬೇಡ ಅನ್ನುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಹೌದು ಅಂದಿದ್ದರೆ ನನ್ನ ದಾರಿ ಬೇರೆ ಇರುತ್ತಿತ್ತು, ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಓದುವವರಲ್ಲಿ ಯಾರಿಗಾದರೂ ಹಾಗನ್ನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಮುಂದಿನ ಸಲ ತಾಯಿಯೂ ಒಳಗೆ ಕೂರಲಿ ಅಂತ ಹುಡುಗಿಯೇ ಕೇಳಿಕೊಂಡಳು. ಸರ ಮಾರುವ ವಿಷಯ ಹೇಳಬೇಕಿತ್ತಲ್ಲ. ತಾಯಿ ಕಿರುಚಾಡಬಹುದು ಅಂದುಕೊಂಡಿದ್ದೆ. ಅವರು ಸರದ ಮಾತೇ ಎತ್ತಲಿಲ್ಲ. "ಆ ಪಾಸ್ಟರಮ್ಮ ಏನು ಅಡುಗೆ ಮಾಡಿದ್ರು?" ಅಂತ ಕೇಳಿದರು.

"ಅನ್ನ, ಬೇಳೆ, ಸೊಪ್ಪು. ಎರಡು ದಿನ ಕೋಳಿ. ಸಾಲ ಮಾಡಿ ತಂದಿದ್ರಮ್ಮ."

"ನಮ್ಮಮ್ಮನೂ ಸಾಲ ಮಾಡೇ ತಂದಿದ್ದು" ಅಂದರು ತಾಯಿ.

ಅವರು ಸಕಲೇಶಪುರದ ಕಡೆಯವರು. ತೋಟದ ಕೂಲಿಯವರ ಲೈನ್ ಮನೆಗಳ ಹತ್ತಿರ ಒಂದು ಚಿಕ್ಕ ಚರ್ಚು, ಅದನ್ನು ನೋಡಿಕೊಳ್ಳುತ್ತಿದ್ದದ್ದು ಅವರ ಅಪ್ಪ. ಇವರಿಗಿನ್ನೂ ಮದುವೆ ಆಗಿರಲಿಲ್ಲ. ಹೊರದೇಶದಿಂದ ಒಂದು ತಂಡ ಬಂತು. ಹಾಡಿದರು, ಮಕ್ಕಳಿಗೆ ಪೆಪ್ಪರ್‌ಮಿಂಟ್ ಹಂಚಿದರು, ಗೋಡೆಗೆ ಬಣ್ಣ ಬಳಿದರು. ಇವರಮ್ಮ ಅಕ್ಕಿ ರೊಟ್ಟಿ, ಕೋಳಿ ಸಾರು ಮಾಡಿ ಬಡಿಸಿದರು. ಹುಡುಗಿ ಈ ಕಥೆ ಮೊದಲು ಕೇಳಿರಲಿಲ್ಲ. "ಅಜ್ಜಿಗೆ ಕಷ್ಟ ಆಗಲಿಲ್ವಾಮ್ಮ?" ಅಂದಳು.

"ಕಷ್ಟ ಏನೇ? ಮನೆಗೆ ನೆಂಟರು ಬಂದ್ರೆ ಕೋಳಿ ಲೆಕ್ಕ ಹಾಕ್ತಾರಾ ಯಾರಾದ್ರೂ? ಅವರು ಹೋದ್ಮೇಲೆ ದುಡ್ಡೂ ಕಳಿಸಿದ್ರು. ಸಾಲ ತೀರಿ ಇನ್ನೂ ಮಿಕ್ಕಿತು."

"ಮತ್ತೆ?"

"ಮುಂದಿನ ವರ್ಷ ಅವರು ಒಂದು ಕ್ಯಾಲೆಂಡರ್ ಕಳಿಸಿದ್ರು. ಅದರಲ್ಲಿ ನಮ್ಮಮ್ಮನ ಫೋಟೊ. ಒಲೆ ಮುಂದೆ ಕೂತಿರೋದು. ಕೆಳಗೆ ಇಂಗ್ಲಿಷಲ್ಲಿ ಏನೋ ಬರೆದಿತ್ತು. ನಮ್ಮ ಪಾದ್ರಿ ಅಯ್ಯನವರು ಓದಿ ಹೇಳಿದ್ರು, ಬಡ ವಿಧವೆ, ನಮ್ಮ ಸೇವೆಯಿಂದ ದೇವರನ್ನು ಕಂಡವಳು ಅಂತ. ನಮ್ಮಪ್ಪ ಅಲ್ಲೇ ಜಗುಲಿ ಮೇಲೆ ಬೀಡಿ ಸೇದ್ತಾ ಕೂತಿದ್ರು."

ಹುಡುಗಿ ನಕ್ಕುಬಿಟ್ಟಳು. ನಾನೂ ನಕ್ಕೆ.

"ಅಪ್ಪನೂ ನಕ್ಕಿದ್ರು. ಅಮ್ಮ ನಗಲಿಲ್ಲ. ಆ ಕ್ಯಾಲೆಂಡರ್ ಗೋಡೆಗೆ ಹಾಕೋಕೆ ಬಿಡಲಿಲ್ಲ. ಮೂರು ತಲೆಯಿಂದ ನಾವು ಸಭೆಯವರು, ಇವರು ಯಾರು ನನಗೆ ದೇವರನ್ನ ತೋರಿಸೋಕೆ ಅಂದ್ರು. ಆಮೇಲೆ ಹೊರಗಡೆಯಿಂದ ಯಾರು ಬಂದ್ರೂ ಒಲೆ ಹತ್ರ ಫೋಟೊ ತೆಗೆಯೋಕೆ ಬಿಡ್ತಿರಲಿಲ್ಲ. ಊಟ ಮಾತ್ರ ಬಡಿಸೋರು." ಸ್ವಲ್ಪ ತಡೆದು ಮಗಳ ಕಡೆ ತಿರುಗಿದರು. "ನೀನು ಸರ ಮಾರಿ ಕಳಿಸು, ಬೇಡ ಅನ್ನಲ್ಲ. ಆದ್ರೆ ಅವರ ಕಥೆ ನೀನು ಹೇಳಿದ ಹಾಗೇ ಉಳಿಯುತ್ತೆ ಅಲ್ವಾ?"

ಇಂಥ ಮಾತು ನನಗೆ ಹೊಳೆಯುತ್ತಿರಲಿಲ್ಲ, ಹೊಳೆದಿದ್ದರೂ ನನ್ನ ಬಾಯಲ್ಲಿ ಅದಕ್ಕೆ ತೂಕ ಇರುತ್ತಿರಲಿಲ್ಲ. ಆತಿಥ್ಯ ಪಡೆದದ್ದನ್ನೇ ದೊಡ್ಡ ತಪ್ಪು ಅಂದುಕೊಂಡಿದ್ದಳು ಹುಡುಗಿ. ಬಡವರ ಮನೆಯಲ್ಲಿ ಉಂಡು ಬಂದೆ, ದುಡ್ಡು ಕಟ್ಟಿ ತೀರಿಸಬೇಕು ಅಂತ. ಊಟ ಹಾಕಿದವರಿಗೆ ಅದು ನಷ್ಟವೇ ಅಲ್ಲದಿರಬಹುದು. ಅವರಿಂದ ನಿಜವಾಗಿ ಕಿತ್ತುಕೊಂಡದ್ದು ಅವರ ಸಭೆಯ ಕಥೆಯನ್ನು. ಎಷ್ಟೋ ವರ್ಷದಿಂದ ಕಷ್ಟಪಟ್ಟು ನಂಬಿಕೆ ಉಳಿಸಿಕೊಂಡವರನ್ನು, ಮೊನ್ನೆ ನಾವು ಹೋದಾಗ ಕಣ್ಣು ಬಿಟ್ಟವರು ಅಂತ ಹಾಸನದಲ್ಲಿ ನಿಂತು ಹೇಳಿದ್ದು.

ನಾನು ಅವತ್ತು ಮೂರು ನಾಲ್ಕು ಮಾತು ಖಡಾಖಂಡಿತವಾಗಿ ಹೇಳಿದೆ. ಫೋಟೊಗಳು ಇವತ್ತೇ ಹೋಗಬೇಕು. ನಿನ್ನ ಫೋನಿಂದ ಮಾತ್ರ ಅಲ್ಲ, ತಂಡದ ಪ್ರತಿಯೊಬ್ಬರ ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಿಂದ. ಲೀಡರ್ ಒಪ್ಪದಿದ್ದರೆ ನಿಮ್ಮ ಪಾಸ್ಟರ್ ಹತ್ತಿರ ಹೋಗು. ನೇಪಾಳದ ಪಾಸ್ಟರಿಗೆ, ನಿಮ್ಮ ಬಗ್ಗೆ ನಮ್ಮಲ್ಲಿ ಹೀಗೆ ಹೇಳಿದೆ, ಅದು ಸರಿಯಲ್ಲ ಅಂತ ನೇರವಾಗಿ ತಿಳಿಸು. ಪಿಂಚಣಿಯ ಅಜ್ಜಿಗೂ ಹೇಳು. ವೇದಿಕೆ ಹತ್ತಿ ಅಲ್ಲ, ಅವರ ಮನೆಗೆ ಹೋಗಿ. ದುಡ್ಡು ಮಾತ್ರ ಸದ್ಯಕ್ಕೆ ಒಂದು ರೂಪಾಯಿಯೂ ಬೇಡ. ಅಂಗಡಿ ಸಾಲ ಎಷ್ಟಿತ್ತು ಅಂತ ಕೇಳಿ ತಂಡದವರೆಲ್ಲ ಸೇರಿ ಕೊಡುವುದು ಬೇರೆ, ಅದು ಊಟದ ಬಾಬತ್ತು.

ಆಪ್ತಸಲಹೆಗಾರರು ಹೀಗೆ ಮಾಡು, ಹಾಗೆ ಮಾಡು ಅನ್ನಬಾರದು ಅಂತ ನಮಗೆ ಕಲಿಸಿರುತ್ತಾರೆ. ಕೇಳಿಸಿಕೊಳ್ಳಿ, ದಾರಿ ಅವರೇ ಹುಡುಕಲಿ ಅಂತ. ಜಾಸ್ತಿ ಪ್ರಕರಣಗಳಲ್ಲಿ ನಾನೂ ಹಾಗೇ ಇರುತ್ತೇನೆ. ಆದರೆ ಇಲ್ಲಿ ಮೂರನೆಯವರ ಮನೆ ಬಾಗಿಲಿಗೆ ಪೊಲೀಸರು ಬರುವ ಸಾಧ್ಯತೆ ಇತ್ತು. ಅವಳಾಗಿಯೇ ಅರ್ಥ ಮಾಡಿಕೊಳ್ಳಲಿ ಅಂತ ಕಾಯುವಷ್ಟು ತಾಳ್ಮೆ ನನಗಿಲ್ಲ. ಇರಲೂಬಾರದು.

ದುಡ್ಡು ಬೇಡ ಅಂದಿದ್ದಕ್ಕೆ ಪರಿಚಯದವರೊಬ್ಬರು, ಬಡವರಿಗೆ ಬರುವುದನ್ನು ತಪ್ಪಿಸಿದಿರಿ ಅಂದರು. ಮನಸ್ಸಿನ ಭಾರ ಇಳಿಸಿಕೊಳ್ಳಲು ಕಳಿಸುವ ದುಡ್ಡಿಗೆ ಒಂದು ಗುಣ ಇದೆ. ಕಳಿಸಿದ ಕೂಡಲೇ ಕಳಿಸಿದವರಿಗೆ ನಿದ್ದೆ ಬರುತ್ತದೆ, ಆಮೇಲೆ ಸಂಬಂಧ ಅಲ್ಲಿಗೇ ನಿಲ್ಲುತ್ತದೆ. ಅವಳ ಅಜ್ಜಿಗೂ ದುಡ್ಡು ಬಂದಿತ್ತು, ಕ್ಯಾಲೆಂಡರೂ ಬಂದಿತ್ತು. ಹೊರಗಿನ ದುಡ್ಡಿಗೆ ಮತ ಬದಲಿಸಿದವರು ಅನ್ನುವ ಆರೋಪ ಇಂಥ ಸಭೆಗಳ ಮೇಲೆ ಮೊದಲೇ ಇರುತ್ತದೆ. ಒಂದು ಎಫ್‌ಡಿಯಷ್ಟು ಹಣ ಸೀದಾ ಒಬ್ಬ ಪಾಸ್ಟರ್ ಖಾತೆಗೆ ಬಿದ್ದರೆ ಅವರಿಗೆ ಅದು ಉಪಕಾರವೋ ಅಪಾಯವೋ, ಅವರನ್ನೇ ಕೇಳಬೇಕು.

ಇನ್ನು ಬೈದವರು. ಸಭೆಯ ಹಿರಿಯರೊಬ್ಬರು ಬಂದು, ನಮ್ಮ ಹುಡುಗಿಯ ವಿಶ್ವಾಸ ಕೆಡಿಸಿದಿರಿ ಅಂದರು. ಅಂಥ ಹುಡುಗಿ ನನ್ನ ಹತ್ತಿರ ಬಂದಿದ್ದಳೋ ಇಲ್ಲವೋ ಅನ್ನುವುದನ್ನೂ ನಾನು ಹೇಳಲಿಲ್ಲ, ನಮ್ಮ ವೃತ್ತಿಯ ನಿಯಮ ಅದು. ಇಲ್ಲಿ ಹೇಳುತ್ತೇನೆ, ಅವಳು ಚರ್ಚು ಬಿಟ್ಟಿಲ್ಲ. ಇನ್ನೊಂದು ಕಡೆ ನನ್ನ ಸ್ನೇಹಿತರೇ, ಮತಾಂತರಕ್ಕೆ ಹೋಗುವವರಿಗೆ ಬುದ್ಧಿ ಹೇಳೋದು ಬಿಟ್ಟು ಸಮಾಧಾನ ಹೇಳ್ತೀಯಲ್ಲ ಅಂದರು. ಅವಳು ಯಾವ ದೇವರನ್ನು ನಂಬಬೇಕು, ಅದನ್ನು ಯಾರಿಗೆ ಹೇಳಬೇಕು ಅಂತ ತೀರ್ಮಾನಿಸಲು ಅವಳು ನನ್ನ ಹತ್ತಿರ ಬಂದಿರಲಿಲ್ಲ. ಸುಳ್ಳು ಹೇಳಿದ್ದೇನೆ, ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದಳು.

ನನಗೆ ಈ ಹತ್ತು ದಿನದ ಸೇವೆಯ ಬಗ್ಗೆ ಅನುಮಾನ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಜಿಲ್ಲೆ ಹೊರಗಿನಿಂದ ಬಂದವರನ್ನು ಕಾಣದ್ದೇನಲ್ಲ. ಈಗ ಎಲ್ಲರೂ ಫೋಟೊ ಶೂಟ್‌ಗೆ ಹೋಗುವ ಶೆಟ್ಟಿಹಳ್ಳಿ ಚರ್ಚನ್ನು 1860ರ ದಶಕದಲ್ಲಿ ಕಟ್ಟಿಸಿದ್ದು ಫ್ರೆಂಚ್ ಪಾದ್ರಿಗಳು. ಆ ಕಾಲದ ಪಾದ್ರಿಗಳ ಬಗ್ಗೆ ಬೇಕಾದಷ್ಟು ಜಗಳ ಆಡಬಹುದು. ಆದರೆ ಅವರು ಬಂದು ವರ್ಷಗಟ್ಟಲೆ ಉಳಿದರು, ಭಾಷೆ ಕಲಿತರು. ತಪ್ಪು ಹೇಳಿದರೆ ಎದುರಿಗೆ ನಿಂತು ಕೇಳುವ ಅವಕಾಶ ಊರಿನವರಿಗೆ ಇತ್ತು. ಹತ್ತು ದಿನಕ್ಕೆ ಹೋಗಿ ಬಂದವರು ಇಲ್ಲಿ ಏನು ಹೇಳಿದರೂ ಅಲ್ಲಿಯವರಿಗೆ ಕೇಳಿಸುವುದಿಲ್ಲ. ಹೋಗುವವರು ಹೋಗಲಿ. ವಾಪಸ್ ಬಂದು ಹೇಳುವ ಸಾಕ್ಷಿಯನ್ನು ಮೊದಲು ಅಲ್ಲಿಯವರಿಗೆ ಕಳಿಸಿ, ಇದು ಸರಿ ಇದೆಯಾ ಅಂತ ಕೇಳಲಿ. ಸರಿ ಅಂದ ಮೇಲೆ ಇಲ್ಲಿ ಹೇಳಲಿ. ಕೊಡಗಿಗೆ ಕಂಬಳಿ ಕೊಂಡೊಯ್ದು ಅಳುವವರ ಮುಖಕ್ಕೆ ಮೊಬೈಲ್ ಹಿಡಿದವರಿಗೂ ಇದೇ ಮಾತು.

ಫೋಟೊಗಳು ಹೋದವು, ಲೀಡರ್ ಮುನಿಸಿಕೊಂಡ. ನೇಪಾಳದ ಪಾಸ್ಟರ್ ಸುಳ್ಳಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಫೋಟೊ ತೆಗೆದಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಅಂಗಡಿ ಸಾಲ ಇಷ್ಟು ಅಂತ ಮೊತ್ತ ತಿಳಿಸಿದರು. ತಂಡದವರು ಕೂಡಿಸಿ ಕೊಟ್ಟರು. ಪಿಂಚಣಿಯ ಅಜ್ಜಿ ಹುಡುಗಿಗೆ ಚೆನ್ನಾಗಿ ಬೈದರಂತೆ. ಬೈದು ಕಾಫಿ ಕೊಟ್ಟು, ಎರಡನೇ ಸಲ ಕೊಟ್ಟ ದುಡ್ಡು ವಾಪಸ್ ಕೊಡು ಅಂದರಂತೆ. ಕೊಟ್ಟಳು.

ನಿದ್ದೆ ಬರುತ್ತಿದೆ. ಹೊಟ್ಟೆ ಉರಿಗೆ ಮಾತ್ರೆ ಇನ್ನೂ ನಡೆಯುತ್ತಿದೆ. ಸಭೆ ಮತ್ತೊಂದು ತಂಡ ಕಳಿಸುವ ಯೋಚನೆಯಲ್ಲಿದೆಯಂತೆ, ಹೋಗಲಾ ಬೇಡವಾ ಅಂತ ಮೊನ್ನೆ ಕೇಳಿದಳು. ಅಲ್ಲಿಯವರು ಕರೆದಿದ್ದಾರಾ ಅಂತ ಕೇಳಿದೆ. ಅದನ್ನು ಇನ್ನೂ ಯಾರೂ ವಿಚಾರಿಸಿಲ್ಲ ಅಂದಳು.