ಎಂಪಿ3 ಆದಮೇಲೆ ತಂಬೂರಿ ಮಸುಕಾಗುವುದೇಕೆ?

ತಂದೆಯವರ ಕಛೇರಿ ಕ್ಯಾಸೆಟ್ಟುಗಳನ್ನು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾಡಿದ ಮೇಲೆ ತಂಬೂರಿಯ ನಾದ ಮಸುಕಾದದ್ದೇಕೆ, ಅಂತರ್ಜಾಲದ ಹಂಚಿಕೆಯಿಂದ ಸಂಗೀತವೇ ಬದಲಾದೀತೇ ಎಂದು ಕೇಳಿದ್ದೀರಿ. ಸಿ.ಡಿ.ಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಅದನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸುವಾಗ ಎಂಪಿ3, ಜೋರಾದ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದೆಂದು ಲೆಕ್ಕಹಾಕಿದ ಸೂಕ್ಷ್ಮ ಧ್ವನಿಗಳನ್ನು ಒರಟಾಗಿ ದಾಖಲಿಸುತ್ತದೆ ಅಥವಾ ಬಿಟ್ಟೇಬಿಡುತ್ತದೆ, ಮೃದಂಗದ ಪೆಟ್ಟಿನ ಹಿಂದೆ ತಂಬೂರಿಯ ಝೇಂಕಾರ ಸೊರಗುವುದು ಹೀಗೆ. (ಕ್ಯಾಸೆಟ್ಟಿನ 'ಹಿಸ್' ಎಂಬ ಹಿನ್ನೆಲೆ ಸದ್ದೂ ಆ 128 ಕಿಲೋಬಿಟ್‌ನಲ್ಲೇ ಒಂದು ಪಾಲು ಕಸಿಯುತ್ತದೆ.) ಮೂಲವನ್ನು ಏನನ್ನೂ ಕಳೆಯದೆ ಕುಗ್ಗಿಸುವ ಫ್ಲಾಕ್ (FLAC) ಕಡತದಲ್ಲಿಟ್ಟು, ಹಂಚಲು ಮಾತ್ರ ಎಂಪಿ3 ಬಳಸಿರಿ. ಇನ್ನು ಎರಡನೆಯ ಪ್ರಶ್ನೆ: ಹಿಂದೆ ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಸುತ್ತಿದ್ದುದರಿಂದ ವಿದ್ವಾಂಸರು ರಾಗಾಲಾಪನೆಯನ್ನೇ ಮೊಟಕುಗೊಳಿಸಬೇಕಾಯಿತು; ಅಂತರ್ಜಾಲದಲ್ಲಿ ಆ ಕಟ್ಟು ಇಲ್ಲವಾದರೂ, ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಸೇವೆ 30 ಸೆಕೆಂಡು ಕೇಳಿದರಷ್ಟೇ ಅದನ್ನು ಒಂದು ಆಲಿಕೆಯೆಂದು ಲೆಕ್ಕಕ್ಕೆ ಹಿಡಿಯುವುದರಿಂದ ನಿಧಾನವಾಗಿ ಅರಳುವ ವಿಳಂಬಕಾಲದ ಆರಂಭಕ್ಕೆ ಅಲ್ಲಿ ಕಷ್ಟವೇ ಎಂದು ನನಗನ್ನಿಸುತ್ತದೆ.