ಹಳೇ ಕಂಪ್ಯೂಟರ್ ಕ್ಯಾಬಿನೆಟ್‌ಗೆ ಮನೆಯಲ್ಲೇ ಬಿದರಿ ಕಳೆ ತರಬಹುದೇ?

ಆಗ್ತದ್ರೀ, ಖಂಡಿತ ಮಾಡಿ. ತಂದೆಯವರು ಕೊಂಡ ಹಳೇ ಡೆಸ್ಕ್‌ಟಾಪಿನ ಕ್ಯಾಬಿನೆಟ್ ಉಳಿಸಿಕೊಂಡು ಒಳಗೆ ಹೊಸ ಮದರ್‌ಬೋರ್ಡ್ ಕೂಡಿಸಬೇಕು, ಹೊರಗೆ ಬಿದರಿ ಸಾಮಾನಿನ ಹಾಗೆ ಕಪ್ಪು ಮೈ, ಬೆಳ್ಳಿ ಗೆರೆ ಬರಬೇಕು, ಕಲಬುರಗಿಯ ಮನೆಯಲ್ಲಿ ಸ್ಪ್ರೇ ಡಬ್ಬಿಯಿಂದ ಇದಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಬೀದರಿನವನು, ಹಳೇ ಕ್ಯಾಬಿನೆಟ್ ಸರಿಮಾಡುವ ಹುಚ್ಚು ಬಹಳ ವರ್ಷದ್ದು. ನನ್ನ ಮಾತು ಒಂದೇ: ಮೊದಲು ಗಾಳಿ, ಆಮೇಲೆ ಬಣ್ಣ. ಬಣ್ಣ ಹಚ್ಚಿದ ಮೇಲೆ ತೂತು ಕೊರೆದರೆ ಅಂಚಿನಲ್ಲೆಲ್ಲ ಚಕ್ಕೆ ಏಳುತ್ತದೆ, ಮಾಡಿದ ಕೆಲಸವೆಲ್ಲ ಮತ್ತೆ ಮಾಡಬೇಕು.

ಹೊಸ ಬೋರ್ಡ್ ಕೂಡುತ್ತದೆಯೋ ಇಲ್ಲವೋ ಎಂಬ ಚಿಂತೆ ಸಾಮಾನ್ಯವಾಗಿ ಬೇಡ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಅಳತೆಯೇ ಇವತ್ತಿಗೂ ನಡೆಯುತ್ತಿದೆ. ಪೂರ್ತಿ ಬೋರ್ಡ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244 ಮಿ.ಮೀ. ಕಂಪನಿಯಿಂದ ಜೋಡಿಸಿಯೇ ಬಂದ ಕೆಲವು ಮಾದರಿಗಳಲ್ಲಿ ಮಾತ್ರ ಸ್ಕ್ರೂ ತೂತುಗಳ ಜಾಗ ಬೇರೆ ಇರುತ್ತದೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ನೋಡಿ.

ಈಗ ಗಾಳಿ. ಆ ಕಾಲದ ಕ್ಯಾಬಿನೆಟ್‌ಗೆ 80 ಮಿ.ಮೀ. ಫ್ಯಾನಿನ ಜಾಗವಷ್ಟೇ ಇರುತ್ತಿತ್ತು, ಎದುರಿನ ಪ್ಲಾಸ್ಟಿಕ್ ಬಹುಪಾಲು ಮುಚ್ಚಿಯೇ ಇರುತ್ತಿತ್ತು. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ, ಕೋಣೆಯೂ ಕಾದಿರುತ್ತದೆ. ಫ್ಯಾನ್ ಒಳಗೆ ತಳ್ಳುವುದೇ ಬಿಸಿ ಗಾಳಿ ಎಂದಮೇಲೆ ಅದು ಹೆಚ್ಚು ಪ್ರಮಾಣದಲ್ಲಾದರೂ ಬರಬೇಕು. ಆದ್ದರಿಂದ ಎದುರಿಗೆ 120 ಮಿ.ಮೀ. ಫ್ಯಾನಿಗೆ ದುಂಡಗೆ ಕತ್ತರಿಸಿ. ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿ.ಮೀ. ಪ್ಲಾಸ್ಟಿಕ್ ಮುಖದ ಕೆಳಭಾಗದಲ್ಲೂ ಗಾಳಿಗೆ ದಾರಿ ಬಿಡಿ. ತಗಡು ತೆಳ್ಳಗಿರುತ್ತದೆ, ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಹೋಲ್ ಸಾ ಹಾಕಿ ಕತ್ತರಿಸಿಕೊಡುತ್ತಾರೆ. ನಿಮ್ಮ ಊರಿನ ಕಪನೂರು ಕೈಗಾರಿಕಾ ಪ್ರದೇಶದ ಕಡೆ ಹೋದರೆ ಇಂಥ ಕೆಲಸದವರು ಸಿಗುತ್ತಾರೆ. ಒಯ್ಯುವಾಗ ಒಳಗೆ ಒಂದು ವೈರೂ ಇರಬಾರದು. ಕತ್ತರಿಸಿದ ಅಂಚನ್ನು ಅರದಿಂದ ತಿಕ್ಕಿಸಿ, ಲೋಹದ ಪುಡಿ ಒಂದಿಷ್ಟೂ ಉಳಿಯದಂತೆ ತೊಳೆಯಿರಿ. ಆ ಪುಡಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ತೊಗರಿ ರಾಶಿಯ ದಿನಗಳಲ್ಲಿ ಗಾಳಿಯಲ್ಲಿ ಎಷ್ಟು ದೂಳಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಹೊರಗೆ ಹೋಗುವುದಕ್ಕಿಂತ ಒಳಗೆ ಬರುವ ಗಾಳಿ ಹೆಚ್ಚಿರಲಿ, ಬರುವ ಬಾಯಿಗೆ ಸಣ್ಣ ಕಣ್ಣಿನ ನೈಲಾನ್ ಜಾಳಿಗೆ ಕಟ್ಟಿ. ಆಗ ಸಂದುಗಳಿಂದ ಗಾಳಿ ಹೊರಗೇ ನುಗ್ಗುತ್ತದೆ, ದೂಳು ಒಳಗೆ ಸೇರುವುದು ಕಡಿಮೆ.

ಇನ್ನು ಬಣ್ಣ. ಬಿದರಿಯ ಎರಕದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಕೆತ್ತಿ ಬೆಳ್ಳಿ ಕೂಡಿಸಿದ ಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕ್ಯಾಬಿನೆಟ್ ತಗಡಿಗೂ ಸತುವಿನ ಲೇಪ ಇರುತ್ತದೆ, ಹಾಗಾದರೆ ಕೋಟೆ ಮಣ್ಣನ್ನೇ ಹಚ್ಚಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೇಡಿ. ಆ ಕಪ್ಪು ತಾಮ್ರ ಬೆರೆತ ಎರಕದ ಗುಣ, ಇಲ್ಲಿ ಇರುವ ತೆಳು ಲೇಪವೂ ತಿಂದುಹೋಗಿ ತುಕ್ಕು ಹಿಡಿಯುತ್ತದೆ.

ಆ ಸತುವಿನಿಂದಲೇ ಇನ್ನೊಂದು ತೊಡಕಿದೆ. ಕಿಟಕಿಯ ಸರಳಿಗೆ ಹಚ್ಚುವ ಎಣ್ಣೆ ಬಣ್ಣವಾಗಲಿ ರೆಡ್ ಆಕ್ಸೈಡ್ ಆಗಲಿ ಸತುವಿನ ಮೇಲೆ ನಿಲ್ಲುವುದಿಲ್ಲ. ಎಣ್ಣೆಯೂ ಸತುವೂ ಸೇರಿ ಸೋಪಿನಂಥ ಪದರವಾಗಿ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ. ಹಾಗಾಗಿ ಕಂಪನಿಯ ಹಳೇ ಬಣ್ಣ ಗಟ್ಟಿಯಿದ್ದರೆ ಕೀಳಲೇಬೇಡಿ, ಅದಕ್ಕಿಂತ ಒಳ್ಳೆಯ ತಳ ಸಿಗುವುದಿಲ್ಲ. ಸೋಪಿನ ನೀರಲ್ಲಿ ಜಿಡ್ಡು ತೆಗೆದು, 400ರ ವಾಟರ್ ಪೇಪರಿನಿಂದ ಹೊಳಪು ಸಾಯುವವರೆಗೆ ತಿಕ್ಕಿದರೆ ಸಾಕು. ತಗಡು ಬರಿದಾದ ಕಡೆ ಮಾತ್ರ ಆಟೋಮೊಬೈಲ್ ಪೇಂಟ್ ಅಂಗಡಿಯಲ್ಲಿ ಎಚ್ ಪ್ರೈಮರ್ (etch primer, ಬರೀ ಲೋಹಕ್ಕೆ ಕಚ್ಚಿ ಹಿಡಿಯುವ ತಳದ ಬಣ್ಣ) ಕೇಳಿ ಹಚ್ಚಿ. ಇಡೀ ಕೆಲಸದಲ್ಲಿ ಬೇಸರದ ಭಾಗ ಈ ತಿಕ್ಕುವುದು, ಆದರೆ ಬಣ್ಣ ನಿಲ್ಲುವುದು ಇದರಿಂದಲೇ.

ಗೆರೆಗಳಿಗೆ ಕ್ರಮ ತಿರುಗಿಸಿ: ಮೊದಲು ಬೆಳ್ಳಿ, ಮೇಲೆ ಕಪ್ಪು. ಮೈಗೆಲ್ಲ ಬೆಳ್ಳಿ ಹೊಡೆದು ಪೂರ್ತಿ ಒಣಗಿಸಿ, ಬಳ್ಳಿ ಹೂವನ್ನು ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ ವಿನೈಲ್‌ನಲ್ಲಿ ಕತ್ತರಿಸಿಸಿ ಅಂಟಿಸಿ, ಮೇಲೆ ಮ್ಯಾಟ್ ಕಪ್ಪು ಹೊಡೆಯಿರಿ. ಕಪ್ಪು ಸ್ವಲ್ಪ ಹಸಿಯಿರುವಾಗಲೇ ವಿನೈಲ್ ಕಿತ್ತರೆ ಅಂಚು ಚೊಕ್ಕಟ ಬರುತ್ತದೆ. ಕಪ್ಪು ಮ್ಯಾಟ್ ಆಗಿಯೇ ಇರಬೇಕು, ಹೊಳೆಯುವುದು ಬೆಳ್ಳಿ ಮಾತ್ರ. ಮ್ಯಾಟ್ ಕ್ಲಿಯರ್ ಕೋಟ್ ಹೊಡೆದರೆ ಬೆಳ್ಳಿಯ ಕಳೆ ಸಾಯುತ್ತದೆ, ನಾನು ಹೊಡೆಯುವುದಿಲ್ಲ. ಬೋರ್ಡಿನ ಸ್ಕ್ರೂ ಕೂಡುವ ಜಾಗ, ಹಿಂದೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ತಾಗುವ ಜಾಗ, ಎರಡಕ್ಕೂ ಟೇಪ್ ಹಚ್ಚಿಡಿ. ಅಲ್ಲಿ ಲೋಹಕ್ಕೆ ಲೋಹ ತಾಗಿದರೇ ಅರ್ಥಿಂಗ್.

ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಣ್ಣದ ಹನಿ ತಗಡು ಮುಟ್ಟುವ ಮೊದಲೇ ಒಣಗಿ ಮೈ ತರಿತರಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಬಣ್ಣ ಮಂಕಾಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿವರೆಗೆ, ಇಬ್ಬನಿ ಆರಿದ ಮೇಲೆ, ಗಾಳಿಯಾಡುವ ನೆರಳಿನಲ್ಲಿ ಮಾಡಿ. ಡಬ್ಬಿ 20–30 ಸೆಂ.ಮೀ. ದೂರವಿರಲಿ, ತೆಳ್ಳಗೆ ಹಲವು ಪದರ ಹೊಡೆಯಿರಿ. ಮೂಗಿಗೆ ಮಾಸ್ಕ್ ಹಾಕಿ, ಹತ್ತಿರ ಒಲೆ ಉರಿಯುತ್ತಿರಬಾರದು. ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಎಂದೂ ಬಿಡಬೇಡಿ, 50 ಡಿಗ್ರಿ ಮೀರಿದರೆ ಸಿಡಿಯಬಹುದು.

ಬಣ್ಣ ಮುಟ್ಟಲು ಒಣಗಿದ ಹಾಗೆ ಕಂಡರೂ ಒಂದು ವಾರ ಬಿಟ್ಟು ಜೋಡಿಸಿ. ಹಳೇ ಎಸ್‌ಎಂಪಿಎಸ್ ಮಾತ್ರ ಮತ್ತೆ ಹಾಕಬೇಡಿ, ಬಿಚ್ಚಿ ನೋಡಲೂ ಹೋಗಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಹೊಸ ಬೋರ್ಡಿಗೆ ಹೊಸದನ್ನೇ ಕೊಳ್ಳಿ, ಅಳತೆ ಎಟಿಎಕ್ಸ್ ಆದ್ದರಿಂದ ಹಳೇ ಜಾಗದಲ್ಲೇ ಕೂಡುತ್ತದೆ.